ಇಂಗ್ಲಿಷ್ ಮಾತು ಸರಾಗವಾಗಲು ಹೇಳಿದ್ದನ್ನೇ ಮತ್ತೆ ಹೇಳಿಸುವ ಕ್ರಮ

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದವರು ಇಂಗ್ಲಿಷಿನಲ್ಲಿ ತಡವರಿಸಿದರೆ, ಅವರಿಗೆ ಇಂಗ್ಲಿಷ್ ಬರುವುದೇ ಇಲ್ಲವೆಂದು ಶಿಕ್ಷಕರು ತೀರ್ಮಾನಿಸಬಾರದು. ಶಾಲೆಯಲ್ಲಿ ವರ್ಷಗಟ್ಟಲೆ ಕಲಿತ ಪದಗಳೂ ವ್ಯಾಕರಣವೂ ಅವರಲ್ಲಿವೆ. ಬೇಕಾದ ಹೊತ್ತಿಗೆ ನಾಲಿಗೆಗೆ ಬರುವುದಿಲ್ಲ, ಅಷ್ಟೆ. ಆದ್ದರಿಂದ ಹೊಸ ನಿಯಮಗಳನ್ನು ಹೇರುವ ಮೊದಲು, ಗೊತ್ತಿರುವುದನ್ನೇ ಬೇಗ ಹೇಳುವ ರೂಢಿಯನ್ನು ಮಾಡಿಸಬೇಕು.

ನ್ಯೂಜಿಲೆಂಡಿನ ಭಾಷಾಬೋಧನಾ ತಜ್ಞ ಪಾಲ್ ನೇಷನ್ ಅವರ ಬರಹಗಳ ಮೂಲಕ ಅನೇಕ ಶಿಕ್ಷಕರಿಗೆ ಪರಿಚಯವಾದ 4-3-2 ಎಂಬ ಅಭ್ಯಾಸ ಇದಕ್ಕೆ ಬಹಳ ಸೂಕ್ತವಾದದ್ದು. ವಿದ್ಯಾರ್ಥಿಗೆ ಚೆನ್ನಾಗಿ ತಿಳಿದಿರುವ, ತನ್ನದೇ ಬದುಕಿನ ಒಂದು ವಿಷಯವನ್ನು ಕೊಡಿ: ಊರಿನ ಜಾತ್ರೆ, ಮುದ್ದೆ ತಿರುವುವ ಬಗೆ, ಮೊದಲ ಸಲ ಒಬ್ಬರೇ ಬಸ್ಸಿನಲ್ಲಿ ಹೋದದ್ದು. ಯೋಚಿಸಲು ಎರಡು ನಿಮಿಷ ಸಾಕು. ನಾಲ್ಕೈದು ಪದಗಳನ್ನು ಗುರುತು ಹಾಕಿಕೊಳ್ಳಬಹುದು, ವಾಕ್ಯಗಳನ್ನು ಬರೆದುಕೊಳ್ಳಬಾರದು. ಮೊದಲ ಕೇಳುಗನಿಗೆ 4 ನಿಮಿಷ ಹೇಳಿದ ಮೇಲೆ, ಅದೇ ಸಂಗತಿಯನ್ನು ಎರಡನೆಯವನಿಗೆ 3 ನಿಮಿಷದಲ್ಲಿ, ಮೂರನೆಯವನಿಗೆ 2 ನಿಮಿಷದಲ್ಲಿ ಹೇಳಬೇಕು. ದೊಡ್ಡ ತರಗತಿಯಾದರೆ ಎರಡು ಸಾಲುಗಳನ್ನು ಎದುರುಬದುರು ಕೂರಿಸಿ, ಪ್ರತಿ ಸುತ್ತಿಗೂ ಒಂದು ಸಾಲನ್ನು ಒಂದೊಂದು ಜಾಗ ಸರಿಸಿದರೆ ಕೇಳುಗರು ತಾವಾಗಿಯೇ ಬದಲಾಗುತ್ತಾರೆ. ಕೇಳುಗ ಹೊಸಬನಾಗಿರುವುದು ಮುಖ್ಯ. ಆಗಲೇ ಕೇಳಿದವನಿಗೆ ಹೇಳುವುದು ಒಪ್ಪಿಸಿದಂತಾಗುತ್ತದೆ. ಆರಂಭದವರಿಗೆ 4 ನಿಮಿಷ ದೀರ್ಘವೆನಿಸಿದರೆ 3-2-1 ಮಾಡಿಸಿ.

ಮೊದಲ ಸುತ್ತಿನಲ್ಲಿ ಏನು ಹೇಳುವುದೆಂಬ ಯೋಚನೆಯೇ ಮನಸ್ಸನ್ನು ತುಂಬಿರುತ್ತದೆ. ಎರಡನೆಯ ಸುತ್ತಿಗೆ ವಿಷಯ ಕೈವಶವಾಗಿರುತ್ತದೆ, ಮೂರನೆಯದಕ್ಕೆ ಪದಗಳೂ ಸಿದ್ಧವಾಗಿರುತ್ತವೆ. ಮನಸ್ಸಿನಲ್ಲಿ ಉಳಿಯುವ ಕೆಲಸ ಬೇಗ ಹೇಳುವುದೊಂದೇ. ಈ ಮಧ್ಯೆ ಶಿಕ್ಷಕರು ತಿದ್ದಬಾರದು. ತಪ್ಪು ಕಿವಿಗೆ ಬಿದ್ದೊಡನೆ ತಡೆಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದ್ದು, ಎಷ್ಟೋ ಮಕ್ಕಳು ಬಾಯಿ ಬಿಡದಿರುವುದಕ್ಕೆ ಅದೂ ಕಾರಣವೆಂಬುದು ನನ್ನ ದೃಢವಾದ ನಂಬಿಕೆ. ಆದರೆ ತಪ್ಪುಗಳು ಪುನರಾವರ್ತನೆಯಲ್ಲಿ ಗಟ್ಟಿಯಾಗುವ ಅಪಾಯವೂ ಉಂಟು. ಅವನ್ನು ಮೌನವಾಗಿ ಬರೆದುಕೊಂಡು, ಸುತ್ತುಗಳು ಮುಗಿದ ಮೇಲೆ ಎರಡು ಮೂರನ್ನಷ್ಟೇ ತಿದ್ದಿ, ಮುಂದಿನ ತರಗತಿಯಲ್ಲಿ ಅದೇ ವಿಷಯವನ್ನು ಮತ್ತೊಮ್ಮೆ ಹೇಳಿಸಿ.

ಕನ್ನಡಿಗರಿಗೆ ವಿಶೇಷವಾದ ಒಂದು ತೊಡಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ, ಉಳಿದುದನ್ನೆಲ್ಲ ಹೇಳುತ್ತಾ ಅದನ್ನು ಯೋಚಿಸಿಕೊಳ್ಳಬಹುದು. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಅದು ಬೇಕು. 'ಐ' ಎಂದವರು ಅಲ್ಲೇ ನಿಲ್ಲುವುದಕ್ಕೆ ಇದೂ ಒಂದು ಕಾರಣ. 'ಐ ಯೂಸ್ಡ್ ಟು', 'ಐ ವಾಸ್ ಅಬೌಟ್ ಟು', 'ಇಟ್ ಡಿಪೆಂಡ್ಸ್ ಆನ್' ಮುಂತಾದವನ್ನು ಬಿಡಿಸಿ ವಿವರಿಸದೆ, ಇಡೀ ತುಣುಕುಗಳಾಗಿಯೇ ಬಾಯಿಪಾಠ ಮಾಡಿಸಿದರೆ ಆ ತಡೆ ಸಡಿಲವಾಗುತ್ತದೆ. ಯೋಚಿಸಲು ಸಮಯ ಬೇಕಾದಾಗ ನಾವು 'ಅಂದರೆ' ಎನ್ನುವಂತೆ 'ಲೆಟ್ ಮಿ ಥಿಂಕ್' ಎನ್ನುವುದನ್ನೂ ಕಲಿಸಿ.

ಉಚ್ಚಾರಣೆಯಲ್ಲಿ ಒತ್ತಿನ ಕಡೆಗೆ ಗಮನ ಕೊಟ್ಟರೆ ಸದ್ಯಕ್ಕೆ ಸಾಕು: 'ಫೋಟೋಗ್ರಾಫ್' ಪದದಲ್ಲಿ ಒತ್ತು ಮೊದಲ ಅಕ್ಷರದ ಮೇಲೆ, 'ಫೋಟೋಗ್ರಫಿ'ಯಲ್ಲಿ ಎರಡನೆಯದರ ಮೇಲೆ. ಕನ್ನಡದ ಛಾಯೆಯನ್ನು ಅಳಿಸುವ ಅಗತ್ಯವಿಲ್ಲ.

ಮೊದಲ ದಿನದ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಟ್ಟುಕೊಳ್ಳಿ. ಎರಡು ತಿಂಗಳ ನಂತರ ಅದೇ ವಿಷಯವನ್ನು ಮತ್ತೆ ಮುದ್ರಿಸಿ, ಎರಡನ್ನೂ ವಿದ್ಯಾರ್ಥಿಗೆ ಕೇಳಿಸಿ. ಒಂದು ನಿಮಿಷದಲ್ಲಿ ಆಡಿದ ಪದಗಳೆಷ್ಟು, ಎಷ್ಟು ಕಡೆ ತಡೆದು ನಿಂತದ್ದಾಯಿತು ಎಂಬುದನ್ನು ಅವರೇ ಎಣಿಸಲಿ.