ಗಾಡಿ, ಆರ್‌ಸಿ, ಮಾಲೀಕ: ಮೂರೂ ಕಣ್ಣೆದುರು ಇದ್ದಾಗಲೇ ದುಡ್ಡು ಕೊಡಿ

ತುಮಕೂರಿನಲ್ಲಿ ನನ್ನದು ಬೈಕ್ ಗ್ಯಾರೇಜು. ರಾಯಲ್ ಎನ್‌ಫೀಲ್ಡ್ ಗಾಡಿಗಳೇ ಜಾಸ್ತಿ ಬರುತ್ತವೆ. ಇತ್ತೀಚೆಗೆ ಹುಡುಗರು ರಿಪೇರಿಗಿಂತ ಹೆಚ್ಚಾಗಿ ಇನ್ನೊಂದು ವಿಷಯಕ್ಕೆ ಫೋನ್ ಮಾಡುತ್ತಾರೆ. "ಅಣ್ಣಾ, ಆನ್‌ಲೈನ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಇಂಟರ್‌ಸೆಪ್ಟರ್ ನೋಡಿದೆ. ಒಂದು ಲಕ್ಷ ಹೇಳ್ತಿದ್ದಾನೆ. ಟೋಕನ್ ಅಡ್ವಾನ್ಸ್ ಹಾಕಿಬಿಡ್ಲಾ?" ಗಾಡಿ ನೋಡಿದ್ಯಾ ಅಂತ ಕೇಳಿದರೆ ಇಲ್ಲ. ಆರ್‌ಸಿ? ಫೋಟೋ ಕಳಿಸಿದ್ದಾನೆ. ಮಾಲೀಕ ಯಾರು? ಅದೂ ಗೊತ್ತಿಲ್ಲ.

ಹೀಗೆ ಕೇಳುವವರು ದುಡ್ಡಿದ್ದವರಲ್ಲ. ಸಂಬಳದಲ್ಲಿ ಉಳಿಸಿದ್ದು, ಅಮ್ಮ ಚೀಟಿ ಎತ್ತಿ ಕೊಟ್ಟಿದ್ದು, ಎಲ್ಲ ಸೇರಿಸಿ ಕನಸಿನ ಗಾಡಿಗೆ ಹೊರಟವರು. ಅದಕ್ಕೇ ನನಗೆ ತಿಳಿದಷ್ಟನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೋಸಕ್ಕೆ ನೂರು ವೇಷ ಇರಬಹುದು. ಆದರೆ ನಾನು ಕಂಡ ಮಟ್ಟಿಗೆ ಎಲ್ಲದರ ಬುಡ ಒಂದೇ. ಗಾಡಿ ಒಂದು ಕಡೆ ಇರುತ್ತದೆ, ಕಾಗದ ಇನ್ನೊಂದು ಕಡೆ, ದುಡ್ಡು ಕೇಳುವವನು ಮತ್ತೆಲ್ಲೋ. ಈ ಮೂರನ್ನೂ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ತಂದುಬಿಟ್ಟರೆ ಹೆಚ್ಚಿನ ಮೋಸಗಳು ಅಲ್ಲೇ ಬಿದ್ದುಹೋಗುತ್ತವೆ. ಅಲ್ಲಿಯವರೆಗೆ ಒಂದು ರೂಪಾಯಿಯೂ ಕೈಬಿಡಬಾರದು.

ಜಾಹೀರಾತು ನೋಡುವಾಗ

ಮೊದಲು ಬೆಲೆ. ಇಂಟರ್‌ಸೆಪ್ಟರ್ 650 2018ರ ನವೆಂಬರ್‌ನಲ್ಲಿ ಬಂದಾಗಲೇ ಎಕ್ಸ್ ಶೋರೂಂ ಬೆಲೆ ಎರಡೂವರೆ ಲಕ್ಷ ಇತ್ತು. ಒಳ್ಳೆ ಸ್ಥಿತಿಯಲ್ಲಿರುವ ಅಂಥ ಗಾಡಿಯನ್ನು ಯಾರೂ ತೊಂಬತ್ತು ಸಾವಿರಕ್ಕೆ ಕೊಡುವುದಿಲ್ಲ. ಅದೇ ಮಾಡೆಲ್ಲಿನ, ಅದೇ ವರ್ಷದ ಹತ್ತಾರು ಜಾಹೀರಾತು ನೋಡಿ, ಬೆಲೆಯ ಅಂದಾಜು ಮಾಡಿಕೊಳ್ಳಿ. ಒಂದು ಮಾತ್ರ ಅರ್ಧ ಬೆಲೆಗೆ ಇದ್ದರೆ ಅದು ಗಾಳ.

ಆಮೇಲೆ ಫೋಟೋ. ಮಾಡೆಲ್ ಬಗ್ಗೆ ಸ್ವಲ್ಪ ಓದಿಕೊಂಡಿದ್ದರೆ ಸುಳ್ಳು ಇಲ್ಲೇ ಸಿಕ್ಕಿಬೀಳುತ್ತದೆ. ರಾಯಲ್ ಎನ್‌ಫೀಲ್ಡ್‌ನದ್ದೇ ಹಿಮಾಲಯನ್‌ಗೆ ಲೇಕ್ ಬ್ಲೂ, ರಾಕ್ ರೆಡ್ ಬಣ್ಣಗಳು ಬಂದಿದ್ದು 2020ರಲ್ಲಿ, ಹೊಗೆಯ ಹೊಸ ನಿಯಮವಾದ ಬಿಎಸ್6 ಜೊತೆಗೆ. ಮೀಟರ್ ಪಕ್ಕದ ಪುಟ್ಟ ಟ್ರಿಪ್ಪರ್ ನ್ಯಾವಿಗೇಶನ್ ಬಂದಿದ್ದು 2021ರಲ್ಲಿ. "2018 ಮಾಡೆಲ್, ಸಿಂಗಲ್ ಓನರ್" ಅಂತ ಬರೆದು ಟ್ರಿಪ್ಪರ್ ಇರುವ ನೀಲಿ ಗಾಡಿಯ ಫೋಟೋ ಹಾಕಿದ್ದರೆ, ಫೋಟೋ ಎಲ್ಲಿಂದಲೋ ಎತ್ತಿಕೊಂಡಿದ್ದು ಅಂತ ತಿಳಿಯಿರಿ. ಗೂಗಲ್ ಲೆನ್ಸ್‌ನಲ್ಲಿ ಆ ಫೋಟೋ ಹುಡುಕಿ ನೋಡಿ. ಹಿಂದೆ ಕಾಣುವ ಅಂಗಡಿ ಬೋರ್ಡ್, ಪಕ್ಕದ ಗಾಡಿಗಳ ನಂಬರ್ ಪ್ಲೇಟ್ ಗಮನಿಸಿ. ಗಾಡಿ ಜಯನಗರದಲ್ಲಿದೆ ಅಂತಾನೆ, ಪಕ್ಕದಲ್ಲಿ ನಿಂತ ಕಾರುಗಳೆಲ್ಲ ಡಿಎಲ್, ಅಂದರೆ ದೆಹಲಿ ನಂಬರ್. ಅಷ್ಟು ಸಾಕಲ್ವಾ?

ಗಾಡಿ ನಂಬರ್ ಕೇಳಿ. ಜಾಹೀರಾತಿನಲ್ಲಿ ನಂಬರ್ ಮುಚ್ಚಿದ್ದರೆ ತಪ್ಪಿಲ್ಲ. ಕೊಳ್ಳುವವನು ಕೇಳಿದ ಮೇಲೂ ಕೊಡದಿದ್ದರೆ ಮುಂದಿನ ಮಾತೇ ಬೇಡ.

"ಸರ್, ನಾನು ಆರ್ಮಿಯಲ್ಲಿದ್ದೀನಿ"

ಇದು ಹಳೆಯ ಮೋಸ, ಆದರೂ ಇವತ್ತಿಗೂ ಜನ ಸಿಕ್ಕಿಬೀಳುತ್ತಾರೆ. ವಾಟ್ಸಾಪ್ ಡಿಪಿಯಲ್ಲಿ ಯೂನಿಫಾರ್ಮ್ ಹಾಕಿದ ಫೋಟೋ. ಕೇಳುವ ಮೊದಲೇ ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್, ಆಧಾರ್ ಎಲ್ಲ ಕಳಿಸುತ್ತಾನೆ. "ನನಗೆ ಪೋಸ್ಟಿಂಗ್ ಆಗಿದೆ, ಗಾಡಿ ಕಂಟೋನ್ಮೆಂಟ್ ಒಳಗಿದೆ, ಹೊರಗಿನವರನ್ನು ಬಿಡಲ್ಲ, ಆರ್ಮಿ ಟ್ರಾನ್ಸ್‌ಪೋರ್ಟ್‌ನಲ್ಲಿ ನಿಮ್ಮ ಮನೆಗೇ ಕಳಿಸ್ತೀನಿ" ಅನ್ನುತ್ತಾನೆ. ಕೆಲವರು ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿದೆ ಅನ್ನುತ್ತಾರೆ.

ಮೊದಲು ಕೇಳುವುದು ಸಣ್ಣ ಮೊತ್ತ, ಗೇಟ್ ಪಾಸಿಗೆ ಎರಡು ಮೂರು ಸಾವಿರ. ಕೊಟ್ಟ ಮೇಲೆ ಗಾಡಿಗೆ ಪ್ಲಾಸ್ಟಿಕ್ ಸುತ್ತಿದ ಫೋಟೋ, ಸೀಲು ಒತ್ತಿದ ಬಿಲ್ಲು ಬರುತ್ತದೆ. ಮಾರನೇ ದಿನ "ಡ್ರೈವರ್" ಫೋನ್ ಮಾಡುತ್ತಾನೆ. ನೆಲಮಂಗಲ ದಾಟಿದ್ದೀನಿ, ಜಿಎಸ್‌ಟಿ ಕಟ್ಟಬೇಕು, ಗಾಡಿ ಇಳಿಸಿದ ತಕ್ಷಣ ವಾಪಸ್ ಬರುತ್ತೆ ಅಂತ. ಅದನ್ನು ಕಟ್ಟಿದರೆ ಇನ್ಶೂರೆನ್ಸು. ಆಮೇಲೆ ಲೇಟ್ ಫೀಸು. ಮೊದಲು ಹೋದ ದುಡ್ಡು ಉಳಿಸಿಕೊಳ್ಳಬೇಕು ಅನ್ನುವ ಆಸೆಯಲ್ಲೇ ಮನುಷ್ಯ ಮತ್ತೆ ಮತ್ತೆ ಕಟ್ಟುತ್ತಾನೆ. ಅವರು ಕಾಯುವುದೇ ಅದಕ್ಕೆ.

ಸೈನಿಕರ ಮೇಲೆ ನಮಗಿರುವ ಗೌರವವನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ. ನನಗೆ ಜಾಸ್ತಿ ಸಿಟ್ಟು ಬರುವುದೇ ಇಲ್ಲಿ. ಆ ಐಡಿ ಕಾರ್ಡ್ ಎಷ್ಟೋ ಸಲ ಯಾರೋ ನಿಜವಾದ ಜವಾನನದ್ದೇ ಆಗಿರುತ್ತದೆ, ಅವನಿಗೆ ಈ ವಿಷಯವೇ ತಿಳಿದಿರುವುದಿಲ್ಲ. ಸೇನೆಯಲ್ಲಿರುವವರೂ ಗಾಡಿ ಮಾರುತ್ತಾರೆ. ಅವರೂ ಎಲ್ಲರಂತೆ ಗಾಡಿ ತೋರಿಸಿ, ಕಾಗದ ಕೊಟ್ಟೇ ಮಾರುತ್ತಾರೆ. ನೋಡದ ಗಾಡಿಗೆ ಯಾರು ಕೇಳಿದರೂ ದುಡ್ಡಿಲ್ಲ.

ಗಾಡಿ ನಿಜ, ಮಾಲೀಕ ನಿಜ, ಆದರೂ ಮೋಸ

ಇದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಿ. ಹುಷಾರಾಗಿರುವವರೂ ಇದರಲ್ಲಿ ಬೀಳುತ್ತಾರೆ.

ಒಬ್ಬರು ತಮ್ಮ ಗಾಡಿಯನ್ನು 2 ಲಕ್ಷಕ್ಕೆ ಮಾರಾಟಕ್ಕೆ ಹಾಕಿರುತ್ತಾರೆ. ಮೋಸಗಾರ ಅದೇ ಫೋಟೋಗಳನ್ನು ತೆಗೆದು 1.4 ಲಕ್ಷಕ್ಕೆ ತನ್ನದೇ ಜಾಹೀರಾತು ಹಾಕುತ್ತಾನೆ. ನೀವು ಫೋನ್ ಮಾಡುತ್ತೀರಿ. ಅವನು ಆ ಕಡೆ ನಿಜವಾದ ಮಾಲೀಕರಿಗೆ ಫೋನ್ ಮಾಡಿ, "ಗಾಡಿ ನಾನೇ ತಗೋತೀನಿ. ನನ್ನ ತಮ್ಮ ನೋಡೋಕೆ ಬರ್ತಾನೆ. ಅವನ ಹತ್ರ ರೇಟು ಮಾತಾಡಬೇಡಿ, ಅವನಿಗೆ ಗಿಫ್ಟ್ ಕೊಡ್ತಿರೋದು" ಅನ್ನುತ್ತಾನೆ. ನಿಮಗೆ, "ಗಾಡಿ ನಮ್ಮ ಭಾವನ ಮನೆಯಲ್ಲಿದೆ. ಹೋಗಿ ನೋಡಿ, ಓಡಿಸಿ. ರೇಟಿನ ಮಾತು ಮಾತ್ರ ಅವರ ಹತ್ರ ಎತ್ತಬೇಡಿ, ನನಗೂ ಅವರಿಗೂ ಲೆಕ್ಕಾಚಾರ ಇದೆ" ಅನ್ನುತ್ತಾನೆ.

ನೀವು ಹೋಗುತ್ತೀರಿ. ಗಾಡಿ ಚೆನ್ನಾಗಿದೆ. ಆರ್‌ಸಿ ಒರಿಜಿನಲ್. ಎದುರಿಗಿರುವ ಮನುಷ್ಯರೂ ಒಳ್ಳೆಯವರು, ಕಾಫಿ ಕೊಡುತ್ತಾರೆ. ಎಲ್ಲ ಸರಿಯಿದೆ ಅಂತ ಅಲ್ಲೇ ನಿಂತು ಫೋನಿನವನ ಖಾತೆಗೆ ದುಡ್ಡು ಹಾಕುತ್ತೀರಿ. ಕೀ ಕೇಳಿದಾಗ ಮಾಲೀಕರು, "ದುಡ್ಡು ಎಲ್ಲಪ್ಪಾ? ನನಗೆ ಬಂದೇ ಇಲ್ಲ" ಅನ್ನುತ್ತಾರೆ. ಅವರು ಹೇಳುವುದು ನಿಜ. ನೀವು ಹೇಳುವುದೂ ನಿಜ. ಫೋನ್ ಮಾತ್ರ ಸ್ವಿಚ್ ಆಫ್.

ತಪ್ಪಿಸಿಕೊಳ್ಳುವುದು ಸುಲಭ. ಗಾಡಿ ತೋರಿಸುವವರನ್ನು ನೇರವಾಗಿ ಕೇಳಿ: "ಸರ್, ನಿಮಗೆ ಎಷ್ಟು ಬರಬೇಕು? ಯಾರ ಅಕೌಂಟಿಗೆ ಹಾಕಲಿ? ಫೋನಲ್ಲಿ ಮಾತಾಡಿದವರು ನಿಮಗೆ ಏನಾಗಬೇಕು?" ರೇಟು ಮಾತಾಡಬೇಡಿ ಅಂತ ಯಾರು ಹೇಳಿದರೂ, ಅದನ್ನೇ ಮೊದಲು ಮಾತಾಡಿ. ಗಾಡಿ ಮಾರುವವರಿಗೂ ಇದೇ ಮಾತು.

ಕಾಗದ ಮತ್ತು ಕಬ್ಬಿಣ ತಾಳೆಯಾಗಬೇಕು

ನಂಬರ್ ಸಿಕ್ಕಿದ ಕೂಡಲೇ ಸರ್ಕಾರದ ಎಂ ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಆ್ಯಪ್ ಅನ್ನು ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ವಾಟ್ಸಾಪ್‌ನಲ್ಲಿ "ಚಲನ್" ಅಂತಲೋ "ಪರಿವಾಹನ್" ಅಂತಲೋ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಬೇಡಿ, ಅದು ನಿಮ್ಮ ಒಟಿಪಿ ಕದಿಯುವ ದಾರಿ. ಅಸಲಿ ಆ್ಯಪ್‌ನಲ್ಲಿ ನೋಂದಣಿ ದಿನಾಂಕ, ಮಾಡೆಲ್, ಇನ್ಶೂರೆನ್ಸ್ ಎಲ್ಲಿಯವರೆಗೆ, ಸಾಲ ಇದೆಯಾ ಅನ್ನುವುದೆಲ್ಲ ಕಾಣುತ್ತದೆ. ಮಾಲೀಕರ ಹೆಸರಿನ ಕೆಲವು ಅಕ್ಷರ ಮುಚ್ಚಿರುತ್ತದೆ, ಆದರೂ ಹೋಲಿಸಿ ನೋಡಲು ಸಾಕು. ಬಾಕಿ ದಂಡವನ್ನೂ ನೋಡಿ. ಬೆಂಗಳೂರಿನಲ್ಲಿ ಓಡಿದ ಗಾಡಿಗೆ ಕ್ಯಾಮೆರಾ ಹಾಕಿದ ಕೇಸು ಸಾಲುಸಾಲಾಗಿ ಇರಬಹುದು.

ಆರ್‌ಸಿಯ ಪಿಡಿಎಫ್, ಸ್ಕ್ರೀನ್‌ಶಾಟ್ ನಂಬಬೇಡಿ, ಅದನ್ನು ಯಾರು ಬೇಕಾದರೂ ತಿದ್ದಬಹುದು. ಮಾಲೀಕರ ಎದುರು ಕೂತು, ಅವರ ಫೋನಿನಲ್ಲೇ ಸರ್ಕಾರಿ ದಾಖಲೆಗಳ ಆ್ಯಪ್ ಡಿಜಿಲಾಕರ್ ತೆರೆಸಿ ನೋಡಿ. ಇಲ್ಲವಾದರೆ ಸ್ಮಾರ್ಟ್ ಕಾರ್ಡ್ ಕೈಗೆ ತೆಗೆದುಕೊಳ್ಳಿ.

ಆಮೇಲೆ ಟಾರ್ಚ್ ಹಿಡಿದು ಗಾಡಿಯ ಹತ್ತಿರ ಬನ್ನಿ. ಹ್ಯಾಂಡಲ್ಲನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದರೆ, ಹೆಡ್‌ಲೈಟ್ ಹಿಂದಿನ ಚಾಸಿಸ್ ಕೊಳವೆಯ ಮೇಲೆ ಕೊರೆದ ನಂಬರ್ ಕಾಣುತ್ತದೆ. ಹದಿನೇಳು ಅಕ್ಷರ. ರಾಯಲ್ ಎನ್‌ಫೀಲ್ಡ್ ಆದರೆ ಎಂಇ3 ಅಂತ ಶುರುವಾಗುತ್ತದೆ. ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳು ಅದರಲ್ಲಿ ಬರುವುದೇ ಇಲ್ಲ. ಒಂದೊಂದೇ ಅಕ್ಷರ ಓದಿ ಆರ್‌ಸಿ ಜೊತೆ ತಾಳೆ ನೋಡಿ. ಅಲ್ಲಿ ಮಾತ್ರ ಹೊಸ ಪೇಂಟ್ ಇದ್ದರೆ, ಗ್ರೈಂಡರ್ ಹಿಡಿದ ಗೀರು ಇದ್ದರೆ, ಅಕ್ಷರಗಳು ಸೊಟ್ಟಗಿದ್ದರೆ ಗಾಡಿ ಬಿಟ್ಟು ಬನ್ನಿ. ಎಂಜಿನ್ ನಂಬರನ್ನೂ ಹೀಗೇ ನೋಡಿ. ಎಂಜಿನ್ ಬದಲಾಗಿದೆ, ಆರ್‌ಸಿಯಲ್ಲಿ ಹಳೆಯದೇ ಇದೆ ಅಂದರೆ ನಾಳೆ ಪೊಲೀಸರ ಮುಂದೆ ಉತ್ತರ ಕೊಡಬೇಕಾದವರು ನೀವು.

ಮೀಟರ್ ತಿರುಗಿಸುವುದು ಇವತ್ತು ದೊಡ್ಡ ಕೆಲಸವೇ ಅಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2321 ಅಂದರೆ 2021ನೇ ಇಸವಿಯ 23ನೇ ವಾರ ತಯಾರಾಗಿದ್ದು. ಗಾಡಿ 2021ರದ್ದು, ಮೀಟರ್ 8 ಸಾವಿರ, ಟೈರ್ ಮಾತ್ರ 2024ರದ್ದು ಅಂದರೆ ಮೊದಲಿನ ಟೈರ್ ಎಲ್ಲಿ ಹೋಯಿತು ಅಂತ ಕೇಳಿ. ಶೋರೂಂ ಸರ್ವಿಸ್ ದಾಖಲೆಯಲ್ಲಿ ಕಿಲೋಮೀಟರ್ ಬರೆದಿರುತ್ತದೆ, ಮಾಲೀಕರಿಂದ ಕೇಳಿ ಪಡೆಯಿರಿ. ಹ್ಯಾಂಡಲ್ ತಿರುಗಿ ನಿಲ್ಲುವ ಸ್ಟಾಪರ್ ಜಜ್ಜಿದ್ದರೆ ಗಾಡಿ ಬಿದ್ದಿದೆ. ಸೀಟು ತೆಗೆದು ವೈರಿಂಗ್ ಕನೆಕ್ಟರ್‌ಗಳಲ್ಲಿ ಒಣಗಿದ ಕೆಸರು ಇದೆಯಾ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ನೀರು ನುಗ್ಗಿದಾಗ ಎಷ್ಟೋ ಗಾಡಿಗಳು ಮುಳುಗಿದವು. ಮುಳುಗಿದ ಗಾಡಿಯ ಕರೆಂಟ್ ಕಾಯಿಲೆ ಬೇಗ ವಾಸಿಯಾಗುವಂಥದ್ದಲ್ಲ. ಎಂಜಿನ್ ಮುಟ್ಟಿ ನೋಡಿ, ನೀವು ಬರುವ ಮೊದಲೇ ಬಿಸಿಯಾಗಿದ್ದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡುತ್ತಿರಬಹುದು.

ಸಾಲ ಮತ್ತು ಸಹಿ ಹಾಕಿದ ಫಾರಂ

"ಲೋನ್ ಮುಗಿದಿದೆ, ಎನ್‌ಒಸಿ ಬರಬೇಕಷ್ಟೆ." ಈ ಮಾತಿಗೆ (ಎನ್‌ಒಸಿ ಅಂದರೆ ಸಾಲ ತೀರಿದೆ, ತಕರಾರಿಲ್ಲ ಅಂತ ಬ್ಯಾಂಕ್ ಕೊಡುವ ಪತ್ರ) ಒಂದೇ ಉತ್ತರ: ಬರಲಿ, ಆಮೇಲೆ ಮಾತಾಡೋಣ. ಸಾಲ ಇನ್ನೂ ಇದ್ದು ಗಾಡಿ ನಿಮಗೆ ಬೇಕೇ ಬೇಕು ಅಂದರೆ ಮಾಲೀಕರ ಜೊತೆ ಬ್ಯಾಂಕಿಗೆ ಹೋಗಿ. ಬಾಕಿ ಎಷ್ಟು ಅಂತ ಬರೆಸಿಕೊಂಡು, ಆ ಮೊತ್ತವನ್ನು ನೇರ ಸಾಲದ ಖಾತೆಗೇ ಕಟ್ಟಿ. ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸಲು ಬ್ಯಾಂಕಿನವರು ಸಹಿ ಮಾಡಿದ ಫಾರಂ 35 ಬಂದ ಮೇಲೆ ಉಳಿದ ಹಣ ಕೊಡಿ.

ಬ್ರೋಕರ್‌ಗಳು ಮೊದಲೇ ಸಹಿ ಹಾಕಿಸಿಟ್ಟ, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30 ಕೊಟ್ಟು "ನೀವೇ ಯಾವಾಗಾದ್ರೂ ಮಾಡಿಸಿಕೊಳ್ಳಿ" ಅನ್ನುತ್ತಾರೆ. ಗಾಡಿ ಮೂರು ಕೈ ಬದಲಾಗಿರುತ್ತದೆ, ಆರ್‌ಸಿಯಲ್ಲಿ ಮೊದಲಿನವರ ಹೆಸರೇ ಇರುತ್ತದೆ. ವರ್ಗಾವಣೆಗೆ ಅವರ ಮೊಬೈಲಿಗೆ ಬರುವ ಒಟಿಪಿ ಬೇಕಾದಾಗ ಅವರು ಎಲ್ಲಿರುತ್ತಾರೋ! ಆರ್‌ಸಿಯಲ್ಲಿ ಹೆಸರಿರುವವರು ಬರದೆ ವ್ಯಾಪಾರ ಬೇಡ. ಅವರು ತೀರಿಹೋಗಿದ್ದರೆ, ಮೊದಲು ವಾರಸುದಾರರು ಫಾರಂ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ.

ವರ್ಗಾವಣೆಗೆ ಮಾರುವವರು ಅಸಡ್ಡೆ ಮಾಡಿದರೆ ಒಂದು ವಿಷಯ ಹೇಳಿ. 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಾಡಿ ಮಾರಿದ್ದರೂ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದ್ದೇ ಅಂತ ಹೇಳಿದೆ. ಇದು ಗೊತ್ತಾದರೆ ಆರ್‌ಟಿಒಗೆ ಅವರೇ ಮೊದಲು ಬರುತ್ತಾರೆ. ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಿ.

ಪುದುಚೇರಿ, ದೆಹಲಿ ಗಾಡಿ ಅಗ್ಗ ಅಂತ ಹಾರಬೇಡಿ. ಗಾಡಿ ನೋಂದಣಿಯಾದ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ ಅಗ್ಗ ಅನ್ನುವುದು ಉಳಿಯುವುದಿಲ್ಲ.

ದುಡ್ಡು ಕೊಡುವ ದಿನ

ಹಗಲು ಹೊತ್ತು, ಮಾಲೀಕರ ಮನೆಗೇ ಹೋಗಿ. ಜೊತೆಗೆ ಒಬ್ಬರು ಇರಲಿ. ಹೈವೇ ಪಕ್ಕದ ಬಂಕ್, ಸಂಜೆ ಕತ್ತಲಲ್ಲಿ ಖಾಲಿ ಸೈಟು ಇವೆಲ್ಲ ಬೇಡ. ನಗದು ಒಯ್ಯಬೇಡಿ. ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನೇ ಬಿಡುವುದಿಲ್ಲ. ಯುಪಿಐಗೆ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದ ಮಿತಿ ಇರುತ್ತದೆ, ಹಾಗಾಗಿ ಮಾಲೀಕರ ಖಾತೆಯನ್ನು ಹಿಂದಿನ ದಿನವೇ ಬ್ಯಾಂಕ್ ಆ್ಯಪ್‌ನಲ್ಲಿ ಸೇರಿಸಿಟ್ಟುಕೊಳ್ಳಿ. ಮೊದಲು ಒಂದು ರೂಪಾಯಿ ಕಳಿಸಿ, ಅದು ಮುಟ್ಟಿತಾ ಅಂತ ಅವರ ಫೋನಿನಲ್ಲೇ ನೋಡಿ. ಖಾತೆಯ ಹೆಸರೂ ಆರ್‌ಸಿಯ ಹೆಸರೂ ಒಂದೇ ಇರಬೇಕು. "ನನ್ನ ಅಕೌಂಟ್ ಫ್ರೀಜ್ ಆಗಿದೆ, ಫ್ರೆಂಡ್‌ಗೆ ಹಾಕಿ" ಅಂದರೆ ವ್ಯಾಪಾರ ಅಲ್ಲಿಗೇ ನಿಲ್ಲಿಸಿ.

ಹಣ ಪಡೆಯುವುದಕ್ಕೆ ಯುಪಿಐ ಪಿನ್ ಒತ್ತುವುದು ಬೇಕೇ ಇಲ್ಲ. ರೀಫಂಡ್ ಬರಬೇಕಾದರೆ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ, ನಿಮ್ಮ ಖಾತೆಯಿಂದಲೇ ಹಣ ಹೋಗುತ್ತದೆ.

ಕೀ ಕೈಗೆ ಬಂದ ಮೇಲೆ ಡೆಲಿವರಿ ಪತ್ರ ಬರೆದುಕೊಳ್ಳಿ. ಚಾಸಿಸ್ ನಂಬರ್, ಮೊತ್ತ, ತಾರೀಕು, ಜೊತೆಗೆ ಗಂಟೆ ನಿಮಿಷವೂ ಇರಲಿ. ಆ ಹೊತ್ತಿನ ತನಕದ ದಂಡ ಅವರದ್ದು, ಆಮೇಲಿನದ್ದು ನಿಮ್ಮದು.

ದುಡ್ಡು ಹೋಗಿಬಿಟ್ಟಿದ್ದರೆ

ನಾಚಿಕೆಯಿಂದ ಸುಮ್ನೆ ಕೂರಬೇಡಿ. ಮನೆಯವರಿಗೆ ಹೇಗೆ ಹೇಳಲಿ ಅಂತ ಎರಡು ದಿನ ಯೋಚಿಸುವಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದರೆ ಆ ಖಾತೆಯಲ್ಲಿ ಉಳಿದ ಹಣವನ್ನು ತಡೆಹಿಡಿಯುವ ಅವಕಾಶ ಇರುತ್ತದೆ. ನಿಮ್ಮ ಬ್ಯಾಂಕಿಗೂ ತಿಳಿಸಿ. ಚಾಟ್ ಅಳಿಸಬೇಡಿ. ಟ್ರಾನ್ಸಾಕ್ಷನ್ ನಂಬರ್, ಫೋನ್ ನಂಬರ್, ಜಾಹೀರಾತಿನ ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಂಡು ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ, ಠಾಣೆಗೂ ಹೋಗಿ. ಸ್ವಲ್ಪ ದಿನ ಬಿಟ್ಟು "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಫೀಸ್ ಕಟ್ಟಿ" ಅಂತ ಫೋನ್ ಬರಬಹುದು. ಅದು ಎರಡನೇ ಮೋಸ, ಆ ನಂಬರನ್ನೂ ಪೊಲೀಸರಿಗೆ ಕೊಡಿ. ಹಾಗೇ ಆ ಜಾಹೀರಾತನ್ನು ರಿಪೋರ್ಟ್ ಮಾಡಿ ತೆಗೆಸಿ, ಅದೇ ಫೋಟೋ ನೋಡಿ ಇನ್ನೊಬ್ಬ ಹುಡುಗ ಟೋಕನ್ ಹಾಕುವ ಮುಂಚೆ.