ಶುಕ್ರವಾರ ರಾತ್ರಿ ತೀರ್ಮಾನ, ಶನಿವಾರ ಐದಕ್ಕೆ ಗಾಡಿ: ಇಬ್ಬರ ಮೂರು ರಾಜ್ಯದ ಸುತ್ತು

ಶನಿವಾರ ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಮಸಿನಗುಡಿ, ಊಟಿ. ಭಾನುವಾರ ಗೂಡಲೂರು, ಸುಲ್ತಾನ್ ಬತ್ತೇರಿ, ಮುತ್ತಂಗ ದಾಟಿ ವಾಪಸ್. ಸುಮಾರು 340 ಕಿ.ಮೀ., ಮೂರು ರಾಜ್ಯ, ಒಂದೇ ರಾತ್ರಿಯ ತಂಗು. ಗಾಡಿ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವ ಹಳೇ ಪಲ್ಸರ್ 150. ಹ್ಯಾಂಡಲ್ ಇವರದು, ಹಿಂದಿನ ಸೀಟು, ಪಾಸು, ಗಡಿಯಾರ ನನ್ನ ಪಾಲಿಗೆ. ಇಬ್ಬರೂ ಸೇರಿ 130 ಕೆ.ಜಿ., ಬ್ಯಾಗು 7 ಕೆ.ಜಿ. ದಿಢೀರಂತ ಹೊರಡುವವರಿಗೆ ಹೇಳಿ ಮಾಡಿಸಿದ ಸುತ್ತು ಇದು. ಇಲ್ಲಿ ಕೆಡುವುದೆಲ್ಲ ಹೆಚ್ಚಾಗಿ ಎರಡೇ ಕಾರಣಕ್ಕೆ: ಕಾಡಿನ ಗೇಟಿನ ಹೊತ್ತು ತಪ್ಪುವುದು, ಇಲ್ಲವೇ ಒಬ್ಬರ ಲೆಕ್ಕಕ್ಕೆ ಹೊಂದಿಸಿದ ಗಾಡಿ ಮೇಲೆ ಇಬ್ಬರು ಕೂರುವುದು.

ಶುಕ್ರವಾರ ರಾತ್ರಿಯ ಮೊದಲ ಕೆಲಸ ನೀಲಗಿರಿಯ ಇ-ಪಾಸ್, ಅಂದರೆ ಊಟಿ ಇರುವ ನೀಲಗಿರಿ ಜಿಲ್ಲೆಯೊಳಗೆ ಗಾಡಿ ಬಿಡಲು ಆನ್‌ಲೈನ್‌ನಲ್ಲಿ ಪಡೆಯುವ ಅನುಮತಿ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇದು ಜಾರಿಯಲ್ಲಿದೆ, ಬೈಕಿಗೂ ಬೇಕು. ದುಡ್ಡೇನೂ ಇಲ್ಲ. ಗಾಡಿ ನಂಬರು, ಹೋಗಿಬರುವ ದಿನ, ಉಳಿಯುವ ಜಾಗ ತುಂಬಿದರೆ ಕ್ಯೂಆರ್ ಕೋಡ್ ಬರುತ್ತದೆ. ಹಾಗಾಗಿ ರೂಮು ಗೊತ್ತುಮಾಡಿಕೊಂಡೇ ಪಾಸಿಗೆ ಕೂರಬೇಕು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ 6,000, ಶನಿವಾರ-ಭಾನುವಾರ 8,000 ವಾಹನ ಅಂತ ಮಿತಿಯನ್ನೂ ಹಾಕಿದ್ದರು. ಬೇಸಿಗೆಯಲ್ಲಿ ಈ ಸುತ್ತಿನ ಆಸೆ ಬಿಡುವುದೇ ವಾಸಿ. ಪಾಸಿನ ಸ್ಕ್ರೀನ್‌ಶಾಟ್ ಇಬ್ಬರ ಫೋನಿನಲ್ಲೂ ಇರಲಿ, ಕಾಡಿನೊಳಗೆ ಸಿಗ್ನಲ್ ನಂಬುವ ಹಾಗಿಲ್ಲ. ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಡಿಜಿಲಾಕರ್‌ನಲ್ಲಿದ್ದರೂ ಜೆರಾಕ್ಸ್ ಒಂದು ಸೀಟಿನಡಿ ಇಟ್ಟಿರುತ್ತೇವೆ.

ಆಮೇಲೆ ಗಾಡಿ. ಟೈರು ತಣ್ಣಗಿರುವಾಗ ಮುಂದೆ 25, ಹಿಂದೆ 32 ಪಿಎಸ್‌ಐ. ಒಬ್ಬರೇ ಓಡಿಸುವಾಗಿನ 28 ಇಲ್ಲಿ ಸಾಲದು. ಗಾಳಿ ಕಮ್ಮಿಯಿದ್ದರೆ ತಿರುವಿನಲ್ಲಿ ಹಿಂಭಾಗ ತೂಗುತ್ತದೆ, ಟೈರೂ ಬೇಗ ಕಾಯುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಕಡೆ ಸಮನಾಗಿ ಎರಡು ಹಂತ ಬಿಗಿ. ಹಿಂದೆ ಭಾರ ಬಿದ್ದಾಗ ಹೆಡ್‌ಲೈಟ್ ಮೇಲೆ ನೋಡುತ್ತದೆ, ಅದನ್ನು ಒಂದಿಷ್ಟು ಕೆಳಗಿಳಿಸಬೇಕು. ಇದು ಮಂಜಿನಲ್ಲಿ ಗೊತ್ತಾಗುತ್ತದೆ: ಬೆಳಕೆಲ್ಲ ಕಣ್ಣಿಗೇ ಹೊಡೆದು ರಸ್ತೆ ಕಾಣುವುದಿಲ್ಲ.

ಚೈನಿನ ವಿಷಯದಲ್ಲೇ ಬಹಳ ಜನ ಎಡವುವುದು. ದೂರದ ಪ್ರಯಾಣ ಅಂತ ಚೈನು ಬಿಗಿ ಮಾಡಿಸಿಬಿಡುತ್ತಾರೆ. ಇಬ್ಬರು ಕೂತಾಗ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೆ ಸರಿದು ಚೈನು ತಾನಾಗಿಯೇ ಇನ್ನಷ್ಟು ಬಿಗಿಯಾಗುತ್ತದೆ. ಖಾಲಿ ಗಾಡಿಯಲ್ಲಿ ಕೆಳಗಿನ ಎಳೆ ನಡುವೆ 25-30 ಮಿ.ಮೀ. ಆಡಬೇಕು. ಇಬ್ಬರೂ ಕೂತ ಮೇಲೆ ಮೂರನೆಯವರಿಂದ ಇನ್ನೊಮ್ಮೆ ಮುಟ್ಟಿಸಿ ನೋಡಿ, ಆಗಲೂ ಸ್ವಲ್ಪ ಆಡಲೇಬೇಕು. ಇಲ್ಲದಿದ್ದರೆ ಘಾಟಿಯ ಎಳೆತಕ್ಕೆ ಸ್ಪ್ರಾಕೆಟ್ಟು (ಚೈನು ಕೂರುವ ಹಲ್ಲುಚಕ್ರ), ಬೇರಿಂಗು ಎರಡೂ ಸವೆಯುತ್ತವೆ.

ಟೂಲ್ ಚೀಲದಲ್ಲಿ ಒಂದು ಸ್ಪಾರ್ಕ್ ಪ್ಲಗ್, ಪ್ಲಗ್ ಸ್ಪ್ಯಾನರ್, ಫ್ಯೂಸ್, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಕೈಪಂಪು, ಇನ್ಸುಲೇಶನ್ ಟೇಪ್. ಹೊಸ ಕ್ಲಚ್ ಕೇಬಲ್ ಮಾತ್ರ ಚೀಲದಲ್ಲಿ ಇಡುವುದಿಲ್ಲ. ಹಳೆಯದರ ಪಕ್ಕದಲ್ಲೇ ಅದೇ ದಾರಿಯಲ್ಲಿ ಎಳೆದು ಜಿಪ್ ಟೈ ಹಾಕಿರುತ್ತೇವೆ. ತುಂಡಾದರೆ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು, ಟ್ಯಾಂಕ್ ಬಿಚ್ಚುವ ಗೋಜಿಲ್ಲ. ಪೆಟ್ರೋಲ್ ಮೈಸೂರಿನಲ್ಲೇ ಫುಲ್. ಲೀಟರಿಗೆ 40 ಅಂತಿಟ್ಟುಕೊಂಡರೂ ಇಡೀ ಸುತ್ತಿಗೆ ಎಂಟೂವರೆ ಲೀಟರು.

ಬೆಳಗಿನ ಐದಕ್ಕೆ ಹೊರಟರೆ ಆರೂಕಾಲಿಗೆ ಗುಂಡ್ಲುಪೇಟೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಈ ನಿಷೇಧ 2009ರಿಂದ ಇದೆ. ಅಲ್ಲೇ ಇಡ್ಲಿ ತಿಂದು, ಸ್ಟೀಲ್ ಬಾಟಲಿಗೆ ನೀರು ತುಂಬಿಸಿಕೊಳ್ಳಿ, ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧವಿದೆ. ಕಾಡಿನೊಳಗೆ ಎಲ್ಲೂ ನಿಲ್ಲಿಸುವಂತಿಲ್ಲ. ಹಂಪುಗಳು ಸಾಲುಸಾಲು, ಹಿಂದೆ ಕೂತವರಿಗೆ ಹಂಪು ಕಾಣುವುದಿಲ್ಲ, ಇವರು ಎಡಗೈಯಿಂದ ನನ್ನ ಮೊಣಕಾಲು ತಟ್ಟುವುದು ನಮ್ಮ ಸನ್ನೆ. ಆನೆ ರಸ್ತೆಯಲ್ಲಿದ್ದರೆ ಗಾಡಿ ತಿರುಗಿಸಲು ಜಾಗ ಇರುವಷ್ಟು ದೂರದಲ್ಲೇ ನಿಲ್ಲಬೇಕು. ಇಂಜಿನ್ ಆಫ್ ಮಾಡಬಾರದು, ಹಾರ್ನ್ ಹೊಡೆಯಬಾರದು. ಬಸ್ಸೋ ಲಾರಿಯೋ ಬರುವವರೆಗೆ ಕಾದು ಅದರ ಹಿಂದೆ ಹೋಗುವುದೇ ಕ್ಷೇಮ.

ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿದರೆ ಮಸಿನಗುಡಿ, ಅಲ್ಲಿಂದ ಮುಂದೆ ಕಲ್ಲಹಟ್ಟಿ ಘಾಟಿ, 36 ಹೇರ್‌ಪಿನ್ ತಿರುವು. ಹೊರಗಿನ ಗಾಡಿಗಳನ್ನು ಈ ದಾರಿಯಲ್ಲಿ ಹತ್ತಲು ಬಿಡುತ್ತಾರೆ, ಇಳಿಯಲು ಬಿಡುವುದಿಲ್ಲ. ನಮ್ಮ ಸುತ್ತು ಈ ದಿಕ್ಕಿನಲ್ಲೇ ಇರುವುದು ಅದಕ್ಕೇ.

ಇಲ್ಲಿ 150 ಸಿಸಿ ಗಾಡಿ ನಿಜಕ್ಕೂ ಏದುಸಿರು ಬಿಡುತ್ತದೆ. ಮೈಸೂರು 770 ಮೀಟರ್ ಎತ್ತರದಲ್ಲಿದ್ದರೆ ಊಟಿ 2,240ರಲ್ಲಿ. ಮೇಲೆ ಹೋದಂತೆ ಗಾಳಿ ತೆಳುವಾದರೂ ಕಾರ್ಬ್ಯುರೇಟರಿಗೆ ಅದು ಗೊತ್ತಾಗದೆ ಪೆಟ್ರೋಲ್ ಹೆಚ್ಚಾಗಿಯೇ ಬಿಡುತ್ತದೆ. ಏರ್ ಫಿಲ್ಟರಿನಲ್ಲಿ ಧೂಳೂ ಇದ್ದರೆ ಪ್ಲಗ್ ಮಸಿ ಹಿಡಿದು ಗಾಡಿ ಮುಕ್ಕರಿಯುತ್ತದೆ. ಗೇರನ್ನು ತಿರುವಿನೊಳಗಲ್ಲ, ತಿರುವಿಗೆ ಮೊದಲೇ ಇಳಿಸಬೇಕು: ಹೆಚ್ಚಿನವಕ್ಕೆ ಎರಡು, ಕಡಿದಾದವಕ್ಕೆ ಒಂದು. ಮೂರನೇ ಗೇರಿನಲ್ಲಿ ಹೋಗಿ ಹಾಫ್ ಕ್ಲಚ್ ಹಿಡಿದು ಎಳೆಸುವವರಿಗೆ ಹತ್ತು ತಿರುವಿನೊಳಗೇ ಸುಟ್ಟ ವಾಸನೆ ಬರುತ್ತದೆ. ಅದು ಬಂದರೆ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ ಆರಲು ಬಿಡಿ.

ಬ್ಯಾಗನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಲೇಬೇಡಿ. ಭಾರವೆಲ್ಲ ಹಿಂದಿನ ಚಕ್ರದಾಚೆ ಬಿದ್ದು, ಏರಿನಲ್ಲಿ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಅಲೆಯುತ್ತದೆ. ಟ್ಯಾಂಕ್ ಬ್ಯಾಗಿನಲ್ಲಿ 4 ಕೆ.ಜಿ., ಉಳಿದದ್ದು ಎರಡು ಪಕ್ಕದ ಚೀಲಗಳಲ್ಲಿ. ಹಿಂದೆ ಕೂತವರು ಗಾಡಿ ಬಾಗಿದ ಕಡೆಗೇ ಬಾಗಬೇಕು, ಭಯಕ್ಕೆ ನೆಟ್ಟಗಾದರೆ ತಿರುವು ಅಗಲವಾಗಿ ಎದುರು ಬರುವವರ ಬದಿಗೆ ಸೇರುತ್ತೀರಿ. ಏರಿನಲ್ಲಿ ಗಾಡಿ ನಿಂತರೆ ಅವರು ಕಾಲು ಕೆಳಗಿಡಬಾರದು. ಓಡಿಸುವವರು ಎಡಗಾಲು ಊರಿ, ಬಲಗಾಲಿನಲ್ಲಿ ಹಿಂದಿನ ಬ್ರೇಕ್ ಹಿಡಿದು, ಕ್ಲಚ್ ಕಚ್ಚಿದ ಮೇಲೆ ಬ್ರೇಕ್ ಬಿಡಬೇಕು. ದುಪಟ್ಟಾ, ತೆರೆದ ಮಳೆಕೋಟು ಬೇಡವೇ ಬೇಡ, ಚೈನಿಗೆ ಸಿಕ್ಕರೆ ಒಂದೇ ಕ್ಷಣ. ಪ್ಯಾಂಟು, ಜಾಕೆಟ್ ಬೇರೆಬೇರೆ ಇರುವ ರೈನ್‌ಕೋಟ್ ತನ್ನಿ.

ಊಟಿಯ ಚಳಿಗೆ ಬೆಳಗ್ಗೆ ಚೋಕ್ ಎಳೆದು ಎರಡು ನಿಮಿಷ ಬಿಡಿ. ಗೇಜ್ ಹಿಡಿದು ಟೈರಿನ ಗಾಳಿ ಸರಿಮಾಡಲು ಹೋಗಬೇಡಿ: ಎತ್ತರಕ್ಕೆ ಗೇಜ್ ಏರಿಸಿ ತೋರಿಸುತ್ತದೆ, ಚಳಿಗೆ ಇಳಿಸಿ ತೋರಿಸುತ್ತದೆ, ಕೊನೆಗೆ ಎರಡೂ ಹೆಚ್ಚುಕಡಿಮೆ ಸಮ.

ಪೈಕಾರ, ನಡುವಟ್ಟಂ ಮೇಲೆ ಗೂಡಲೂರಿಗೆ 50 ಕಿ.ಮೀ. ಇಳಿಜಾರು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಯುವವರು ಈಗಲೂ ಸಿಗುತ್ತಾರೆ! ಇಬ್ಬರ ಭಾರವನ್ನು ಹಿಂದಿನ ಡ್ರಮ್ ಬ್ರೇಕ್ ಒಂದೇ ಹೊತ್ತರೆ ಲೈನರ್ ಕಾದು ಹಿಡಿತ ಬಿಡುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಹತ್ತುವಾಗ ಯಾವ ಗೇರು ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ. ಎರಡೂ ಬ್ರೇಕನ್ನು ಒಟ್ಟಿಗೆ ಒತ್ತಿ ಬಿಡಿ, ಒತ್ತಿ ಬಿಡಿ. ಡಿಸ್ಕ್ ಬ್ರೇಕಿನ ಎಣ್ಣೆ ಬದಲಿಸಿ ಎರಡು ವರ್ಷ ದಾಟಿದ್ದರೆ ಹೊರಡುವ ಮುಂಚೆಯೇ ಬದಲಿಸಿ. ಹಳೆಯದು ನೀರು ಹೀರಿರುತ್ತದೆ, ಕಾದಾಗ ಕುದಿಯುತ್ತದೆ. ಹಿಂದೆ ಕೂತವರು ಸೊಂಟ ಹಿಡಿಯದೆ ಹಿಂದಿನ ಹಿಡಿ ಹಿಡಿದರೆ ಪ್ರತಿ ಬ್ರೇಕಿಗೂ ಮುಂದಿನವರ ಬೆನ್ನ ಮೇಲೆ ಜಾರಿ ಬೀಳುವುದಿಲ್ಲ.

ಗೂಡಲೂರಿನಿಂದ ದೇವರಶೋಲೆ, ಪಾಟವಯಲ್ ಮೇಲೆ ಬತ್ತೇರಿಗೆ ಟೀ ತೋಟದ ದಾರಿ, ಹೇಳಿಕೊಳ್ಳುವ ಕಷ್ಟವೇನಿಲ್ಲ. ಕೇರಳದಲ್ಲಿ 2023ರ ಜೂನ್‌ನಿಂದ ಎಐ ಕ್ಯಾಮೆರಾಗಳಿವೆ, ಹಿಂದಿನವರ ತಲೆಗೂ ಹೆಲ್ಮೆಟ್ ಬೇಕು, ಇಲ್ಲವಾದರೆ 500 ರೂಪಾಯಿ. ಊಟ ಮುಗಿಸಿ ಮೂರೂವರೆಗೆ ಬತ್ತೇರಿ ಬಿಡುತ್ತೇವೆ. ಮುತ್ತಂಗ-ಮೂಲೆಹೊಳೆ ರಸ್ತೆಗೂ ರಾತ್ರಿ 9ರ ನಿಷೇಧವೇ, ಆದರೆ ಎಂಟೂವರೆಗೆ ಓಡಿಬಂದು ಗೇಟು ಹಿಡಿಯುವುದು ಬೈಕಿನವರಿಗೆ ಹೇಳಿದ್ದಲ್ಲ. ಮಬ್ಬುಗತ್ತಲಲ್ಲಿ ಆನೆ ರಸ್ತೆಯ ಬಣ್ಣವೇ ಆಗಿರುತ್ತದೆ.

ಏಳರ ಹೊತ್ತಿಗೆ ಮೈಸೂರು. ಸೋಮವಾರ ಆಫೀಸಿಗೆ ಇವರೊಬ್ಬರೇ ಹೋಗುವುದು. ಅದಕ್ಕೆ ಮೊದಲು ಹಿಂದಿನ ಟೈರಿನ ಗಾಳಿ ಮತ್ತೆ 28ಕ್ಕೆ, ಶಾಕ್ ಅಬ್ಸಾರ್ಬರ್ ಎರಡು ಹಂತ ಸಡಿಲ, ಹೆಡ್‌ಲೈಟ್ ಮೊದಲಿದ್ದ ಜಾಗಕ್ಕೆ.