ಚಳ್ಳಕೆರೆ ಕಂಬಳಿ ಹೊದ್ದು, 12 ಗಜದಲ್ಲಿ: ಪೆನ್ಸಿಲ್ವೇನಿಯಾದ ಬಿಲ್ಲು ಬೇಟೆ, ನನ್ನ ಅನುಭವ

ರಿಕರ್ವ್ ಅಂದರೆ ತುದಿ ಮುಂದಕ್ಕೆ ಬಾಗಿದ ಬಿಲ್ಲು. ಎಳೆಯೋಕೆ 42 ಪೌಂಡ್ ಜೋರು ಬೇಕಾದ ರಿಕರ್ವ್ ಹಿಡಿದು ನೆಲದ ಮೇಲೆ ಕೂತು ಇಲ್ಲಿನ ವೈಟ್‌ಟೇಲ್ ಜಿಂಕೆ ಹೊಡೆಯೋಕೆ ಆಗಲ್ಲ ಅಂತ ನನಗೆ ಹೇಳಿದವರು ಬಹಳ ಜನ. ಬಿಲ್ಲಿನ ಅಂಗಡಿಯವನು ಹೇಳಿದ. ಪಕ್ಕದ ಬೀದಿಯ ಅಜ್ಜ ಹೇಳಿದ, ಅವನು ಉಕ್ಕಿನ ಕಾರ್ಖಾನೆಯಿಂದ ರಿಟೈರ್ ಆದವನು, ಹುಟ್ಟಿದಾಗಿನಿಂದ ಬೇಟೆ ಆಡಿದವನು. ನಮ್ಮ ಗುಂಪಿನ ಕೊಡಗಿನವನಂತೂ ಪ್ರತಿ ವರ್ಷ ಹೇಳಿದ: "ಎಂತ ಮಾರಾಯ, ಈ ಆಟಿಕೆ ಬಿಟ್ಟು ಒಂದು ಕ್ರಾಸ್‌ಬೋ ತಗೋ." ಅದು ಬಂದೂಕಿನ ಹಾಗೆ ಹಿಡಿದು ಟ್ರಿಗರ್ ಒತ್ತಿ ಬಾಣ ಬಿಡುವ ಬಿಲ್ಲು. ಇಲ್ಲಿ 2009ರಿಂದ ಬಿಲ್ಲಿನ ಸೀಸನ್ನಿನಲ್ಲಿ ಕ್ರಾಸ್‌ಬೋ ಎಲ್ಲರಿಗೂ ಮುಕ್ತ. ಹಾಗಾಗಿ ಅವನ ಮಾತಲ್ಲಿ ತಪ್ಪೇನಿಲ್ಲ. ಆದರೆ ನನಗೆ ಬೇಕಾಗಿದ್ದು ಅದಲ್ಲ.

ಮೊನ್ನೆ ಅಕ್ಟೋಬರ್ ಕೊನೆಯಲ್ಲಿ ಅಲೆಗೆನಿ ಕಾಡಿನಲ್ಲಿ ಕೆಲಸ ಆಯಿತು. ಅವನ ಕ್ರಾಸ್‌ಬೋ ಚೀಲದಿಂದ ಹೊರಗೆ ಬಂದಿದ್ದೇ ಫೋಟೋಗೆ. ಅದಕ್ಕೇ ಈ ಬರಹ.

ಊರಿನಲ್ಲಿ ಓದುವವರಿಗೆ ಒಂದು ಮಾತು. ಇದು ಅಮೆರಿಕದ ಕಥೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಜಿಂಕೆಗೆ ಬಾಣ ಬಿಟ್ಟರೆ ಜೈಲು, ಅದು ಸರಿಯೂ ಹೌದು. ಇಲ್ಲಿ ಲೈಸೆನ್ಸ್, ಸೀಸನ್, ಹೊಡೆದ ಜಿಂಕೆಗೆ ಕಟ್ಟುವ ಪರವಾನಗಿ ಚೀಟಿ ಅಂದರೆ ಟ್ಯಾಗ್, ಎಲ್ಲ ಉಂಟು. ನಾನು ಬಿಲ್ಲು ಹಿಡಿದದ್ದಕ್ಕೂ ಒಂದು ಒಣ ಕಾರಣ ಇತ್ತು. ಆಗ ಎಚ್-1ಬಿ ವೀಸಾ. ನಮ್ಮಂಥವರು ಬಂದೂಕು ಇಟ್ಟುಕೊಳ್ಳೋಕೆ ಫೆಡರಲ್ ಕಾನೂನಿನ ತೊಡಕು ಜಾಸ್ತಿ. ಬಿಲ್ಲು ಬಂದೂಕಿನ ಲೆಕ್ಕಕ್ಕೇ ಬರಲ್ಲ. ಗ್ರೀನ್ ಕಾರ್ಡ್ ಬರುವ ಹೊತ್ತಿಗೆ ಹುಚ್ಚು ಹಿಡಿದಾಗಿತ್ತು.

ಮೊದಲು ಹಣ ಎಲ್ಲಿ ಸುಟ್ಟೆ ಅಂತ ಹೇಳಿಬಿಡುತ್ತೇನೆ. 55 ಪೌಂಡಿನ ಲಾಂಗ್‌ಬೋ, ಅಂದರೆ ಉದ್ದನೆಯ ಹಳೇ ಮಾದರಿ ಬಿಲ್ಲು, ಮಾಡಿಸಿದೆ, ಏಳುನೂರು ಚಿಲ್ಲರೆ ಡಾಲರ್. ನೋಡೋಕೆ ಚೆಂದ. ಎಳೆದರೆ ದವಡೆ ಮುಟ್ಟುವ ಮೊದಲೇ ಬೆರಳು ಬಿಟ್ಟುಬಿಡುತ್ತಿತ್ತು. ಇದಕ್ಕೇ ಟಾರ್ಗೆಟ್ ಪ್ಯಾನಿಕ್ ಅನ್ನುತ್ತಾರೆ, ಅನುಭವಿಸಿದವರಿಗೆ ವಿವರಣೆ ಬೇಕಿಲ್ಲ. ಭುಜಕ್ಕೆ ಫಿಸಿಯೋಥೆರಪಿ ಆಯಿತು, ಬಿಲ್ಲಿನ ಕಥೆ ಬೇರೆ. ಎರಡನೇ ಬೇಸಿಗೆಗೆ ಒಂದು ಲಿಂಬ್, ಅಂದರೆ ಬಾಗುವ ತೋಳು, ತಿರುಚಿಕೊಂಡಿತು. ಮಾಡಿಕೊಟ್ಟವನು "ಬಿಸಿಲಲ್ಲಿ ಕಾರಿನೊಳಗೆ ಇಟ್ಟಿರ್ತೀರಿ" ಅಂದು ಕೈ ತೊಳೆದುಕೊಂಡ. ಮರ ಹತ್ತುವ ಸ್ಟ್ಯಾಂಡಿಗೆ ಮುನ್ನೂರು. 18 ಅಡಿ ಮೇಲಿನಿಂದ ಕೋನ ಕಡಿದಾಗುತ್ತದೆ, ಎರಡೂ ಶ್ವಾಸಕೋಶಕ್ಕೆ ಬಾಣ ತಾಗುವ ಜಾಗ ಕಿರಿದಾಗುತ್ತದೆ. ಹಗುರ ಬಿಲ್ಲಿಗೆ ಅದು ಒಳ್ಳೆಯದಲ್ಲ. ಜೊತೆಗೆ ಅಷ್ಟೆತ್ತರದಲ್ಲಿ ನನ್ನ ಕಾಲು ನಡುಗುತ್ತದೆ, ಸುಳ್ಳು ಯಾಕೆ. ಆಮೇಲೆ ಅಡಗಿ ಕೂರುವ ಟೆಂಟಿನಂಥ ಬ್ಲೈಂಡ್, ನೂರೆಂಬತ್ತೋ ಏನೋ. ಬಿಲ್ಲಿನ ಮೇಲ್ತುದಿ ಛಾವಣಿಗೆ ಬಡಿದು ಡಬ್ ಅಂತು. ಕಾಡಿಗೆ ಕಾಡೇ ಖಾಲಿ.

ಕೊನೆಗೆ ನಿಂತದ್ದು 58 ಇಂಚಿನ, ಬಿಚ್ಚಿ ಜೋಡಿಸುವ ಟೇಕ್‌ಡೌನ್ ರಿಕರ್ವ್. ಹಳೇದು, ಇನ್ನೂರರ ಒಳಗೆ ಸಿಕ್ಕಿತು. 45 ಅಂತ ಬರೆದಿದೆ, ಅದು 28 ಇಂಚು ಎಳೆದರೆ. ನನ್ನ ಎಳೆತ 27 ಇಂಚು, ಹಾಗಾಗಿ ಕೈಗೆ ಬರುವುದು 42ರ ಆಸುಪಾಸು. ಪೆನ್ಸಿಲ್ವೇನಿಯಾದ ಕಾನೂನು ಕೇಳುವುದು 35. ಗಿಡ್ಡ ಬಿಲ್ಲು ಬೆರಳು ಹಿಂಡುತ್ತದೆ ನಿಜ. ಆದರೆ ಕೂತು ಹೊಡೆಯುವಾಗ ಕೆಳಗಿನ ಲಿಂಬ್ ನೆಲಕ್ಕೋ ಮೊಣಕಾಲಿಗೋ ತಾಗಲ್ಲ. ಸ್ವಲ್ಪ ಓರೆ ಹಿಡಿದರೆ ಸಾಕು.

ಗುಟ್ಟಿರುವುದು ಬಾಣದಲ್ಲಿ. ಬಾಣ ಎಷ್ಟು ಬಗ್ಗುತ್ತದೆ ಅನ್ನುವ ಅಂಕಿ ಸ್ಪೈನ್, ತೂಕದ ಅಳತೆ ಗ್ರೇನ್, ಹದಿನೈದು ಸೇರಿದರೆ ಸುಮಾರು ಒಂದು ಗ್ರಾಂ. ಮೊದಲು 600 ಸ್ಪೈನ್, ಹಗುರ ತುದಿ, ಒಟ್ಟು 350 ಗ್ರೇನ್ ಚಿಲ್ಲರೆ. ಬಾಣ ಸೊಯ್ಯನೆ ಹೋಗುತ್ತಿತ್ತು, ಬಿಲ್ಲು ಮಾತ್ರ ಕಿರುಚುತ್ತಿತ್ತು. 20 ಗಜದಲ್ಲಿ ನಿಂತ ಜಿಂಕೆ ಸದ್ದು ಕೇಳಿ ಮೈ ಕುಗ್ಗಿಸಿತು, ಬಾಣ ಬೆನ್ನ ಮೇಲಿಂದ ಹೋಯಿತು. ಇನ್ನೊಂದು ವರ್ಷ ಮತ್ತೆ ಅದೇ ಕಥೆ. ಆಗ ಕಾಗದ ಹಿಡಿದು ಕೂತೆ. ಸದ್ದು ಸೆಕೆಂಡಿಗೆ 1100 ಅಡಿ ಹೋಗುತ್ತದೆ. ನನ್ನ ಬಾಣ ಎಷ್ಟೇ ಹಗುರಾದರೂ 180 ದಾಟಲ್ಲ. ರಾಟೆ ಇರುವ ಕಾಂಪೌಂಡ್ ಬಿಲ್ಲಿನವರ 280, 300 ಕೂಡ ಸದ್ದಿನ ಮುಂದೆ ನಿಲ್ಲಲ್ಲ. ಅಂದ ಮೇಲೆ ವೇಗದ ಹಿಂದೆ ಹೋಗಿ ಏನು ಪ್ರಯೋಜನ? ದೂರ ಕಡಿಮೆ ಮಾಡಬೇಕು, ಸದ್ದು ಕಡಿಮೆ ಮಾಡಬೇಕು. 12 ಗಜ ಅಂದರೆ 36 ಅಡಿ. 145ರ ವೇಗದ ಭಾರದ ಬಾಣಕ್ಕೂ ಅದು ಕಾಲು ಸೆಕೆಂಡಿನ ದಾರಿ. ಬೆದರದೆ ಮೇಯುತ್ತಿರುವ ಜಿಂಕೆ ಅಷ್ಟರಲ್ಲಿ ಜಾಸ್ತಿ ಕುಗ್ಗಲ್ಲ.

ಈಗಿನ ಬಾಣ 500 ಸ್ಪೈನ್, ಒಳಗೆ 100 ಗ್ರೇನಿನ ಹಿತ್ತಾಳೆ ಇನ್ಸರ್ಟ್, ಮುಂದೆ 200 ಗ್ರೇನಿನ ಎರಡಲಗಿನ ತಲೆ. ಟರ್ಕಿ ಕೋಳಿಯ ಗರಿ, 4 ಇಂಚಿನ ಮೂರು. ಒಟ್ಟು 570ರ ಹತ್ತಿರ. ಶಕ್ತಿಯ ಲೆಕ್ಕ ಹಾಕಿದರೆ 27 ಅಡಿ-ಪೌಂಡೂ ಬರಲ್ಲ, ಅಂಗಡಿಯವನು ನಕ್ಕಿದ್ದೇ ಅದಕ್ಕೆ. ಅವನ ಗೋಡೆಯ ಚಾರ್ಟಿನಲ್ಲಿ ನನ್ನ ಬಿಲ್ಲು ಮೊಲಕ್ಕೆ ಲಾಯಕ್ಕು. ಆದರೆ ಮೂಳೆ ತಪ್ಪಿಸಿ, ಪಕ್ಕೆಯ ಮಧ್ಯೆ, ಅಡ್ಡಡ್ಡ ನಿಂತ ಜಿಂಕೆಗೆ ಕ್ಷೌರದ ಕತ್ತಿಯಷ್ಟು ಚೂಪಾದ ಎರಡಲಗು ಹೋದರೆ ಶಕ್ತಿ ಯಾರಿಗೆ ಬೇಕು? ಯಂತ್ರದ ಹಾಗೆ ಬಿಚ್ಚಿಕೊಳ್ಳುವ ಮೆಕ್ಯಾನಿಕಲ್ ತಲೆ ಮಾತ್ರ ಈ ಪೌಂಡಿಗೆ ಬೇಡವೇ ಬೇಡ. ಬಿಚ್ಚಿಕೊಳ್ಳೋಕೇ ಒಂದಿಷ್ಟು ಜೋರು ಹೋಗುತ್ತದೆ. ಮಸೆಯುವುದು ನಿಮಗೆ ಗೊತ್ತಿರುವುದೇ: ಉಕ್ಕಿನ ಅರ, ಕಲ್ಲು, ಚರ್ಮ. ಚರ್ಮದ ಮೇಲೆ ನಾನು ಏನು ಸವರುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಇನ್ನು ಕಂಬಳಿ. ಇದಕ್ಕೆ ಎಲ್ಲರೂ ನಕ್ಕರು. ಊರಿಂದ ಬರುವಾಗ ಅಮ್ಮ ಚಳ್ಳಕೆರೆ ಕಂಬಳಿ ಕಟ್ಟಿಕೊಟ್ಟಿದ್ದಳು. ಕರಿ ಕುರಿ ಉಣ್ಣೆಯದು, ಮಧ್ಯೆ ಕಂದು ಎಳೆ. ಜಿಂಕೆಗೆ ಕೆಂಪು ಹಸಿರಿನ ವ್ಯತ್ಯಾಸ ಅಷ್ಟಾಗಿ ಕಾಣಲ್ಲ. ನೀಲಿ ಚೆನ್ನಾಗಿ ಕಾಣುತ್ತದೆ. ಬಟ್ಟೆ ಸೋಪಿನ ಹೊಳಪು ಪುಡಿ ಹೊಡೆಯುವ ನೀಲಿ ಮಿಂಚು ಇನ್ನೂ ಚೆನ್ನಾಗಿ. 200 ಡಾಲರಿನ, ಕಾಡಿನ ಬಣ್ಣದ ಕ್ಯಾಮೋ ಜಾಕೆಟ್ಟನ್ನು ಆ ಸೋಪಿನಲ್ಲಿ ಒಗೆದು ಹಾಕಿಕೊಂಡರೆ ಏನು ಬಂತು? ಕಂಬಳಿಗೆ ಸೋಪೇ ತಾಗಿಲ್ಲ. ಒದ್ದೆಯಾದರೂ ಬೆಚ್ಚಗಿರುತ್ತದೆ. ಮುಖ್ಯ, ಸದ್ದು ಮಾಡಲ್ಲ. ಬಿದ್ದ ಮರಕ್ಕೆ ಬೆನ್ನು ಕೊಟ್ಟು, ಗಿಡ್ಡ ಸ್ಟೂಲಿನ ಮೇಲೆ ಕೂತು, ಕೊಪ್ಪೆ ಹಾಕಿಕೊಂಡರೆ ಮನುಷ್ಯನ ಆಕಾರವೇ ಹೋಗುತ್ತದೆ. ಹೆಗಲು ಯಾವುದು, ತಲೆ ಯಾವುದು ಗೊತ್ತಾಗಲ್ಲ. ಎಡಗೈ ಬರುವ ಕಡೆ ಮಾತ್ರ ಒಂದು ಸೀಳು ಕೊಟ್ಟೆ. ಅಂಚಿನಿಂದ ಉದುರಿದ ಉಣ್ಣೆಯನ್ನು ಹೆದೆಗೆ ಕಟ್ಟಿದೆ, ಮೇಲೊಂದು ಕೆಳಗೊಂದು ಉಂಡೆ. ಅಂಗಡಿಯ ರಬ್ಬರ್ ಸೈಲೆನ್ಸರಿಗಿಂತ ವಾಸಿ. ಸೀಸನ್ನಿಗೆ ಮುಂಚೆ ಕಂಬಳಿಗೆ ಒಂದು ಹೊಗೆ ಕೊಡುತ್ತೇನೆ. ಯಾವ ಸೊಪ್ಪಿನದು ಅಂತ ಕೊಡಗಿನವನಿಗೂ ಹೇಳಿಲ್ಲ. ಅಮ್ಮ ಇವತ್ತಿಗೂ ಅದನ್ನು ಸೋಫಾ ಮೇಲೆ ಹಾಸಿದ್ದೇನೆ ಅಂದುಕೊಂಡಿದ್ದಾಳೆ.

ಅಭ್ಯಾಸದ ಬಗ್ಗೆ ಒಂದೇ ಮಾತು. ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಗ್ಯಾರೇಜಿನಲ್ಲಿ, ಸ್ಟೂಲಿನ ಮೇಲೆ, ಕಂಬಳಿ ಹೊದ್ದು, ಒಂದೇ ಬಾಣ. ಮೈ ಕಾಯಿಸಿಕೊಂಡು ಐವತ್ತು ಬಿಟ್ಟರೆ ಐವತ್ತನೆಯದು ಚೆನ್ನಾಗೇ ಹೋಗುತ್ತದೆ. ಕಾಡಿನಲ್ಲಿ ಸಿಗುವುದು ಮೊದಲನೆಯದು ಮಾತ್ರ.

ನಡುವೆ ಬೇರೆ ಚಪಲಗಳೂ ಇದ್ದವು. ಮಂಗೋಲಿಯಾದವರ ಹಾಗೆ ಹೆಬ್ಬೆರಳಿನ ಉಂಗುರದಲ್ಲಿ ಎಳೆಯೋಣ ಅಂತ ಒಂದು ಚಳಿಗಾಲ ಹಾಳು ಮಾಡಿದೆ. ಉಂಗುರ ಸುಮ್ನೆ ಸಿಕ್ಕಿತು, ಹೆಬ್ಬೆರಳ ಚರ್ಮ ಸುಮ್ನೆ ಹೋಯಿತು. ಹಿಕರಿ ಮರದ ಹಲಗೆಯಿಂದ ನಾನೇ ಬಿಲ್ಲು ಕೆತ್ತಿದೆ. 35 ಪೌಂಡಿಗೆ ಬಂದಾಗ ಸಾಕು ಅನ್ನಬೇಕಿತ್ತು, ಇನ್ನೊಂದು ಇಂಚು ಬಗ್ಗಿಸಿ ನೋಡೋಣ ಅನ್ನಿಸಿತು. ಚಟ್ ಅಂತು. ಬಿದಿರಿನ ಬಾಣವನ್ನೂ ಮಾಡಿದೆ. ಡಜನ್‌ನಲ್ಲಿ ನಾಲ್ಕು ಒಂದೇ ಸಮ ಹಾರುತ್ತವೆ, ಉಳಿದವು ತಮ್ಮ ಇಷ್ಟ. ಆ ನಾಲ್ಕು ಮಾತ್ರ ಅದ್ಭುತ. ಮತ್ತೆ ಮಾಡುತ್ತೇನೆ.

ಈಗ ಈ ಸಲದ ಬೇಟೆ. ನಾವು ಮೂವರು, ಜೊತೆಗೆ ಪಕ್ಕದ ಬೀದಿಯ ಅಜ್ಜ. ನಾನು, ಕೊಡಗಿನವನು, ದಾವಣಗೆರೆಯವನು. ಪಿಟ್ಸ್‌ಬರ್ಗಿನಿಂದ ಉತ್ತರಕ್ಕೆ ಎರಡೂವರೆ ಮೂರು ಗಂಟೆ ಡ್ರೈವ್. ಅಲೆಗೆನಿ ನ್ಯಾಷನಲ್ ಫಾರೆಸ್ಟ್ ಐದು ಲಕ್ಷ ಎಕರೆ ದಾಟುತ್ತದೆ, ಜಾಗಕ್ಕೆ ಜಗಳ ಇಲ್ಲ. ಹಿಂದೆ ಇಲ್ಲಿ ಭಾನುವಾರ ಜಿಂಕೆ ಬೇಟೆ ಇರಲಿಲ್ಲ. 2020ರಿಂದ ವರ್ಷಕ್ಕೆ ಮೂರು ಭಾನುವಾರ ಬಿಟ್ಟರು, 2025ರಲ್ಲಿ ಆ ಹಳೇ ನಿಷೇಧವನ್ನೇ ತೆಗೆದರು. ನಮ್ಮಂಥ ಸೋಮವಾರದಿಂದ ಶುಕ್ರವಾರ ಕೀಬೋರ್ಡ್ ಕುಟ್ಟುವವರಿಗೆ ಇದು ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತು. ಶನಿವಾರ ಮಳೆ ಬಂದರೆ ಆ ವಾರವೇ ಮುಗಿಯುತ್ತಿತ್ತು.

ಈ ಸಲವೂ ಶನಿವಾರ ಮಳೆಯೇ. ದಾವಣಗೆರೆಯವನು ಕ್ಯಾಂಪಿನಲ್ಲಿ ಮಂಡಕ್ಕಿ ಒಗ್ಗರಣೆಗೆ ಇಳಿದ, ಇಂಗು ಬೆಳ್ಳುಳ್ಳಿ ಸಮೇತ. ಅಜ್ಜ ಮೂಗು ಹಿಡಿದುಕೊಂಡು, ನೀವು ಇನ್ನು ಪಕ್ಕದ ರಾಜ್ಯ ಓಹಾಯೋಗೆ ಹೋಗಿ ಬೇಟೆ ಆಡಿ ಅಂದ. ಎರಡು ತಟ್ಟೆ ತಿಂದ. ನನ್ನ ಕಂಬಳಿ ಮತ್ತು ಬಟ್ಟೆ ಮುಚ್ಚಳದ ಡಬ್ಬದಲ್ಲಿ, ಒಣ ಎಲೆಯ ಜೊತೆ, ಕಾರಿನಲ್ಲೇ ಇತ್ತು. ಬಟ್ಟೆಗೆ ವಾಸನೆ ಹತ್ತದಿರೋಕೆ ಒಗ್ಗರಣೆ ಪ್ರಿಯರಿಗೆ ಇದೊಂದೇ ದಾರಿ.

ಭಾನುವಾರ ಆಕಾಶ ತೊಳೆದ ಹಾಗಿತ್ತು. ಅವರೆಲ್ಲ ಕತ್ತಲಲ್ಲೇ ಎದ್ದು ಹೋದರು. ನಾನು ಹೋಗಲಿಲ್ಲ, ಮಲಗಿದ್ದೆ. ಇದೂ ನನ್ನ ಪದ್ಧತಿಯೇ, ಸೋಮಾರಿತನ ಅಂದರೂ ಅನ್ನಲಿ. ಬೆಟ್ಟದ ಇಳಿಜಾರಿನಲ್ಲಿ ಬಿಸಿಲು ಬೀಳುವ ತನಕ ತಣ್ಣನೆ ಗಾಳಿ ಕೆಳಗೆ ಹರಿಯುತ್ತದೆ. ಆಗ ಜಾಡಿನ ಮೇಲ್ಗಡೆ ಕೂತರೆ ನನ್ನ ವಾಸನೆ ಪೂರ್ತಿ ಜಿಂಕೆಯ ಮೂಗಿಗೆ. ಬಿಸಿಲು ನೆಲ ಕಾಯಿಸಿದ ಮೇಲೆ ಗಾಳಿ ಮೇಲೇಳುತ್ತದೆ. ನಾನು ಒಂಬತ್ತರ ಹೊತ್ತಿಗೆ ಹೊರಟು, ನೆನೆದ ಎಲೆಯ ಮೇಲೆ ಸದ್ದಿಲ್ಲದೆ ಹತ್ತಿ, ಜಾಡಿನ ಮೇಲ್ಗಡೆ 12 ಗಜದಲ್ಲಿ ಕೂತೆ. ಎಕ್ಕದಂಥ ಮಿಲ್ಕ್‌ವೀಡ್ ಗಿಡದ ಹತ್ತಿಯನ್ನು ಗಾಳಿಗೆ ಒಂದೊಂದೇ ಬಿಟ್ಟು ನೋಡಿದೆ. ಗಾಳಿ ನೋಡೋಕೆ ಮಾರುವ ಪೌಡರ್ ಬಾಟಲಿ ಮುಖದ ಮುಂದಿನ ಗಾಳಿ ಮಾತ್ರ ಹೇಳುತ್ತದೆ, ಈ ಹತ್ತಿ ನಲವತ್ತು ಗಜ ಆಚೆ ಏನಾಗುತ್ತಿದೆ ಅಂತಲೂ ತೋರಿಸುತ್ತದೆ. ಎಲ್ಲವೂ ನನ್ನ ತಲೆಯ ಮೇಲಿಂದ ಹಿಂದಕ್ಕೆ ಹೋದವು.

ಜಾಗ ಎಲ್ಲಿ ಅಂತ ಕೇಳಬೇಡಿ. ಬಿಳಿ ಓಕ್ ಇದೆ, ಕಾಯಿ ಉದುರುತ್ತಿತ್ತು, ಹಿಕ್ಕೆ ಹಸಿಯಾಗಿತ್ತು, ಅಷ್ಟು ಸಾಕು.

ಹನ್ನೊಂದರ ಹತ್ತಿರ ಎರಡು ಹೆಣ್ಣು ಜಿಂಕೆ ಬಂದವು. ಮುಂದಿನದು ನನ್ನನ್ನೇ ನೋಡಿತು. ತಲೆ ತಗ್ಗಿಸಿದ ಹಾಗೆ ಮಾಡಿ ತಟ್ಟನೆ ಎತ್ತಿತು, ಆ ಮೋಸ ನಿಮಗೂ ಗೊತ್ತಿರುತ್ತದೆ. ಕಂಬಳಿ ಕದಲಲಿಲ್ಲ. ಅದು ಕಾಯಿ ತಿನ್ನೋಕೆ ಹೋಯಿತು. ಹಿಂದಿನದು ದೊಡ್ಡದು, ಅದರ ತಲೆ ಚೆರ್ರಿ ಮರದ ಹಿಂದೆ ಹೋದಾಗ ಎಳೆದೆ. ಹೊರಬಂದಾಗ ಅಡ್ಡಕ್ಕಿಂತ ಸ್ವಲ್ಪ ಆಚೆ ತಿರುಗಿ ನಿಂತಿತ್ತು. ಎದೆಯ ಕೆಳಗಿನ ಮೂರನೇ ಒಂದು ಭಾಗ, ಒಂದೇ ಕೂದಲು ನೋಡಿ ಬಿಟ್ಟೆ. ಹೆದೆಯ ಸದ್ದು ನನಗೇ ಸರಿಯಾಗಿ ಕೇಳಲಿಲ್ಲ. ಜಿಂಕೆ ಒಂದು ಸಲ ಹಾರಿ ಕೆಳಕ್ಕೆ ಓಡಿತು. ಇನ್ನೊಂದು ಅಲ್ಲೇ ನಿಂತು ನೋಡುತ್ತಿತ್ತು!

ಬಾಣ ಆಚೆ ಬದಿಯ ಮಣ್ಣಿನಲ್ಲಿ ನೆಟ್ಟಿತ್ತು. ಪೂರ್ತಿ ದಾಟಿ ಹೋಗಿದೆ. ಗರಿಯ ಮೇಲೆ ಗುಲಾಬಿ ಬಣ್ಣದ ನೊರೆ ರಕ್ತ, ಅಂದರೆ ಶ್ವಾಸಕೋಶ. ಆದರೂ ಅರ್ಧ ಗಂಟೆ ಅಲುಗಲಿಲ್ಲ, ಮೆಸೇಜ್ ಮಾತ್ರ ಹಾಕಿದೆ. ಅಜ್ಜ ಬಂದು ಬಾಣದ ಬುಡ ನೋಡಿದ, ಆಚೆಗೆ ನೋಡಿದ, ಬಿಲ್ಲು ಇಸಿದುಕೊಂಡು ಎಳೆದು ನೋಡಿದ. ಏನೂ ಅನ್ನಲಿಲ್ಲ. ಜಿಂಕೆ ಎಪ್ಪತ್ತು ಗಜದೊಳಗೇ ಬಿದ್ದಿತ್ತು. ಟ್ಯಾಗ್ ಕಟ್ಟಿ, ಕರುಳು ತೆಗೆದು, ಎಳೆದು ತರುವಾಗ ಕ್ರಾಸ್‌ಬೋ ಯಜಮಾನನಿಗೆ ಹಿಡಿಯೋಕೆ ಹಿಂದಿನ ಕಾಲುಗಳನ್ನು ಕೊಟ್ಟೆ. ಅಷ್ಟು ಹಕ್ಕು ನನಗಿತ್ತು ಅಲ್ವಾ?

ರಾತ್ರಿ ಜಿಂಕೆಯ ಲಿವರ್, ಹೃದಯ, ಕಾಳುಮೆಣಸು ಹಾಕಿ ಹುರಿದದ್ದು. ಮಾಂಸವನ್ನು ಪಂದಿ ಕರಿಯ ಹಾಗೆ ಮಾಡುತ್ತೇನೆ ಅಂತ ಕೊಡಗಿನವನು ಅವರ ಊರಿನ ಹುಳಿ ಕಾಚಂಪುಳಿ ತಂದಿದ್ದ. ಕೊಬ್ಬೇ ಇಲ್ಲದ ಮಾಂಸ, ಹಂದಿಯ ಅಳತೆಯಲ್ಲಿ ಬೇಯಿಸಿದರೆ ನಾರಾಗುತ್ತದೆ. ತೊಡೆಯದನ್ನು ನಿಧಾನ ಬೇಯಿಸಿ ಕೊನೆಗೆ ತುಪ್ಪ ಹಾಕಿದ ಮೇಲೆ ಸರಿಯಾಯಿತು. ಬೆನ್ನಿನ ಪಟ್ಟಿ ಮಾತ್ರ ಮಸಾಲೆಗೆ ಕೊಡಬೇಡಿ. ಉಪ್ಪು, ಮೆಣಸು, ಬಿಸಿ ಕಾವಲಿ, ಮುಗೀತು.

ಮನೆಯಲ್ಲಿ ಹೆಂಡತಿ ಲೆಕ್ಕ ಕೇಳಿದಳು. ಮೂಳೆ ಬಿಟ್ಟು ಇಪ್ಪತ್ತು ಕೇಜಿ ಮಾಂಸ ಬಂದಿರಬಹುದು. ಲೈಸೆನ್ಸ್ ಇಪ್ಪತ್ತೊಂದು ಡಾಲರ್, ಬಿಲ್ಲಿನದು ಹದಿನೇಳು, ಹೆಣ್ಣು ಜಿಂಕೆಯ ಟ್ಯಾಗ್ ಏಳು. ಈ ವರ್ಷದ ಪೆಟ್ರೋಲ್, ಕ್ಯಾಂಪ್ ಸೇರಿಸಿದರೂ ಇಂಡಿಯನ್ ಅಂಗಡಿಯ ಮೇಕೆ ಮಾಂಸಕ್ಕಿಂತ ಅಗ್ಗ ಅಂದೆ. ಲಾಂಗ್‌ಬೋ ಎಲ್ಲಿ, ಸ್ಟ್ಯಾಂಡ್ ಎಲ್ಲಿ, ಫಿಸಿಯೋಥೆರಪಿ ಎಲ್ಲಿ ಅಂದಳು. ಅವಳ ಲೆಕ್ಕದಲ್ಲಿ ಕೇಜಿಗೆ ನೂರು ಡಾಲರ್ ದಾಟಿತು. ಸ್ಟ್ಯಾಂಡ್ ಮಾರಿ ಅರ್ಧ ಬಂದದ್ದನ್ನು ಅವಳು ಹಿಡಿದೇ ಇಲ್ಲ.

ಕೊಡಗಿನವನು ಈಗ ರಿಕರ್ವ್ ಹುಡುಕುತ್ತಿದ್ದಾನೆ. ನನ್ನ ಹತ್ತಿರ ಇರುವ 40 ಪೌಂಡಿನ ಹಳೇ ಲಿಂಬ್ ಸೆಟ್ ಕೇಳಿದ. ಎಂಬತ್ತು ಹೇಳಿದ್ದೇನೆ, ಅರವತ್ತಕ್ಕೆ ಬಿಡಬಹುದು. ಕಂಬಳಿ ಬೇಕಾದರೆ ಅವನೇ ಊರಿಂದ ತರಿಸಿಕೊಳ್ಳಲಿ.